‘ಇದನ್ನ ಯಾರು ಬರದ ಕೊಟ್ರು?’

ಧಾರವಾಡದ ಕಾಲೇಜೊಂದರ ಗ್ಯಾದರಿಂಗಿಗೆ ನನ್ನನ್ನು ಸ್ಪರ್ಧೆಗಳ ತೀರ್ಪು ಕೊಡಲು ಕರೆದಿದ್ದರು. ಏಕಪಾತ್ರಾಭಿನಯ, ಮಿಮಿಕ್ರಿ ಮುಗಿದ ಮೇಲೆ ಸ್ಟ್ಯಾಂಡ್‌ಅಪ್ ಎಂಬ, ಒಬ್ಬರೇ ಮೈಕಿನ ಮುಂದೆ ನಿಂತು ಮಾತಿನಿಂದ ನಗಿಸುವ ಹೊಸ ವಿಭಾಗವಿತ್ತು. ಮೊದಲು ಒಬ್ಬ ಹುಡುಗ ಬಂದ. ಹುಡುಗಿಯರ ಮೇಕಪ್ಪು, ಹುಡುಗಿಯರ ಸ್ಕೂಟಿ, ಹುಡುಗಿಯರ ಸೆಲ್ಫಿ ಎಂದು ಐದು ನಿಮಿಷ ಮಾತಾಡಿದ. ಎಲ್ಲರೂ ಮೊಬೈಲಿನಲ್ಲಿ ನೋಡಿದ್ದ ಮಾತುಗಳೇ. ಸಿಳ್ಳೆ ಬಿದ್ದವು. ಆಮೇಲೆ ರೋಣದ ಕಡೆಯ ಹುಡುಗಿಯೊಬ್ಬಳು ಬಂದಳು. ಸಪ್ತಾಪುರದ ಪಿಜಿಯಲ್ಲಿದ್ದು ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ತನ್ನ ಅಕ್ಕನ ಕಥೆ ಹೇಳಿದಳು. “ಸರ್ಕಾರದ ನೋಟಿಫಿಕೇಶನ್ ಮೂರ ವರ್ಷಕ್ಕೊಮ್ಮಿ ಬರತೈತಿ. ನಮ್ಮ ಸ್ವಾದರಮಾವನ ನೋಟಿಫಿಕೇಶನ್ ವಾರಕ್ಕೊಮ್ಮಿ ಬರತೈತಿ. ಅದಕ್ಕ ವಯೋಮಿತಿ ಐತಿ, ಅರ್ಜಿ ಶುಲ್ಕ ನಮ್ಮಪ್ಪಂದು, ಪರೀಕ್ಷಾ ಕೇಂದ್ರ ನಮ್ಮ ಪಡಸಾಲಿ.”

ಹುಡುಗಿಯರ ಸಾಲಿನಿಂದ ಎದ್ದ ನಗು ಆಮೇಲೆ ಇಡೀ ಹಾಲ್ ತುಂಬಿತು. ಅವಳು ಕೆಳಗಿಳಿದು ಬಂದಾಗ ಹಿರಿಯ ಅಧ್ಯಾಪಕರೊಬ್ಬರು ಅಕ್ಕರೆಯಿಂದಲೇ ಕೇಳಿದರು: “ಭಾಳ ಛಲೋ ಇತ್ತವಾ. ಇದನ್ನ ಯಾರು ಬರದ ಕೊಟ್ರು?” ಎಲ್ಲಿಂದಲೋ ಎತ್ತಿಕೊಂಡು ಬಂದು ಹೇಳಿದ್ದ ಆ ಹುಡುಗನನ್ನು ಯಾರೂ ಹಾಗೆ ಕೇಳಲಿಲ್ಲ.

ಕೇಳಿದವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಅದಕ್ಕೇ ಆ ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ಒಳ್ಳೆಯ ನಗೆಮಾತೊಂದು ಕಿವಿಗೆ ಬಿದ್ದ ಕೂಡಲೇ ನಮ್ಮ ಮನಸ್ಸು ಅದರ ಒಡೆಯನನ್ನು ಹುಡುಕಿಕೊಂಡು ಗಂಡಸಿನ ಕಡೆಗೆ ಹೊರಡುತ್ತದೆ. ಹೆಣ್ಣುಮಗಳು ಎದುರಿಗೇ ಮೈಕು ಹಿಡಿದು ನಿಂತಿದ್ದರೂ ಹೊರಡುತ್ತದೆ. ‘ಹೆಂಗಸರಿಗೆ ಕಾಮಿಡಿ ಬರೂದಿಲ್ಲ’ ಎಂಬ ಮಾತು ಬಂದಾಗಲೆಲ್ಲ ಅದನ್ನು ಪರೀಕ್ಷಿಸಲು ನಾವು ಹೇಳುವವಳನ್ನೇ ಕಟಕಟೆಗೆ ನಿಲ್ಲಿಸುತ್ತೇವೆ. ಕೇಳುವವರನ್ನು ನಿಲ್ಲಿಸಬೇಕು ಎಂಬುದು ನನ್ನ ವಾದ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಲಾರಾ ಮಿಕ್ಸ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ 2012ರಲ್ಲಿ ಪ್ರಕಟವಾಯಿತು. 16 ಹುಡುಗರಿಗೆ, 16 ಹುಡುಗಿಯರಿಗೆ ಪತ್ರಿಕೆಯ 20 ವ್ಯಂಗ್ಯಚಿತ್ರಗಳನ್ನು ಕೊಟ್ಟು ಅಡಿಬರಹ ಬರೆಸಿದರು. ಬರೆದವರು ಯಾರೆಂದು ತಿಳಿಸದೆ ಬೇರೆಯವರಿಂದ ಅಂಕ ಹಾಕಿಸಿದರು. ಹುಡುಗರು ಮುಂದಿದ್ದರು, ಆದರೆ ಎಷ್ಟು? 5ರ ಅಳತೆಯಲ್ಲಿ 0.11ರಷ್ಟು. ನನಗೆ ಮುಖ್ಯವೆನಿಸುವುದು ಅದೇ ಪ್ರಯೋಗದ ಎರಡನೆಯ ಭಾಗ. ಅಡಿಬರಹಗಳನ್ನು ಬರೆದವರ ಗುರುತಿನ ಸಮೇತ ತೋರಿಸಿ, ಸ್ವಲ್ಪ ಹೊತ್ತು ಬಿಟ್ಟು, ಯಾವುದನ್ನು ಯಾರು ಬರೆದಿದ್ದರು ಎಂದು ನೆನಪಿನಿಂದ ಹೇಳಿಸಿದರು. ತಪ್ಪಿದವರ ತಪ್ಪಿಗೂ ಒಂದು ದಿಕ್ಕಿತ್ತು. ಚೆನ್ನಾಗಿ ನಗಿಸಿದ್ದನ್ನು ಹುಡುಗರ ಹೆಸರಿಗೆ ಬರೆದರು, ಸಪ್ಪೆಯಾದದ್ದನ್ನು ಹುಡುಗಿಯರ ಹೆಸರಿಗೆ. ಧಾರವಾಡದ ಆ ಮೇಷ್ಟ್ರು ಕೇಳಿದ ಪ್ರಶ್ನೆ ಅಲ್ಲಿ ಅಂಕಿಯಾಗಿ ಸಿಕ್ಕಿತ್ತು.

ಇನ್ನೊಂದು ಅಂಕಿಯನ್ನು ಮುಚ್ಚಿಡಬಾರದು, ಅದು ನನ್ನ ವಾದಕ್ಕೆ ಅನುಕೂಲವಾಗಿಲ್ಲದಿದ್ದರೂ. ಗಿಲ್ ಗ್ರೀನ್‌ಗ್ರಾಸ್ ಮತ್ತು ಸಂಗಡಿಗರು 28 ಅಧ್ಯಯನಗಳನ್ನು, 5,057 ಜನರ ಫಲಿತಾಂಶವನ್ನು ಒಟ್ಟು ಸೇರಿಸಿ 2020ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹಾಸ್ಯ ಹುಟ್ಟಿಸುವ ಸಾಮರ್ಥ್ಯದಲ್ಲಿ 63% ಗಂಡಸರು ಹೆಂಗಸರ ಸರಾಸರಿಗಿಂತ ಮೇಲಿದ್ದರು. ಇಬ್ಬರೂ ಒಂದೇ ಆಗಿದ್ದರೆ ಅದು 50% ಇರಬೇಕಿತ್ತು. ವ್ಯತ್ಯಾಸ ಇದೆ, ಸಣ್ಣದು ಅಥವಾ ಸಾಧಾರಣ ಎನ್ನಬಹುದಾದಷ್ಟು. ಆದರೆ ಅದು ಹುಟ್ಟಿನಿಂದ ಬಂದದ್ದೋ ರೂಢಿಯಿಂದ ಬಂದದ್ದೋ ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಹತ್ತನೇ ವಯಸ್ಸಿನಿಂದ ಒಬ್ಬನಿಗೆ ‘ಇನ್ನೊಂದ್ ಹೇಳೋ’ ಎಂದು, ಇನ್ನೊಬ್ಬಳಿಗೆ ‘ಹಲ್ಲ ಕಿಸೀಬ್ಯಾಡ’ ಎಂದು ಹೇಳುತ್ತ ಬಂದ ಮೇಲೆ ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಪರೀಕ್ಷೆ ಕೊಟ್ಟರೆ, ನಾವು ಅಳೆಯುತ್ತಿರುವುದರಲ್ಲಿ ಆ ವರ್ಷಗಳೂ ಸೇರಿರುತ್ತವೆ.

ನಗುವ ಹೆಣ್ಣಿನ ಮೇಲಿನ ಅಪನಂಬಿಕೆ ನಮ್ಮಲ್ಲಿ ಹಳೆಯದು. ‘ನಗೂ ಹೆಂಗಸನ್ನ, ಅಳೂ ಗಂಡಸನ್ನ ನಂಬಬಾರದು’ ಎಂಬ ಗಾದೆ ಕೇಳದೆ ಬೆಳೆದ ಹುಡುಗಿ ಈ ಕಡೆ ಇಲ್ಲ. ಅದರ ಹಿಂದೆ ಮಹಾಭಾರತವೂ ನಿಂತಿದೆ. ಮಯಸಭೆಯಲ್ಲಿ ನೆಲವೆಂದುಕೊಂಡು ನೀರಿಗೆ ಬಿದ್ದ ದುರ್ಯೋಧನನನ್ನು ನೋಡಿ ದ್ರೌಪದಿ ನಕ್ಕಳು, ಅದರಿಂದ ಕುರುಕ್ಷೇತ್ರವಾಯಿತು ಎಂದು ನಮ್ಮ ಹರಿಕಥೆಯವರು ಹೇಳುತ್ತ ಬಂದಿದ್ದಾರೆ. ಸಂಸ್ಕೃತದ ಸಭಾಪರ್ವವನ್ನು ತೆರೆದು ನೋಡಿದರೆ, ಘಟನೆ ನಡೆಯುವ ಜಾಗದಲ್ಲಿ ನಕ್ಕವರು ಭೀಮ ಮತ್ತಿತರರು, ಅರಮನೆಯ ಸೇವಕರು. ದ್ರೌಪದಿ ನಕ್ಕಳೆಂಬ ಮಾತು ಬರುವುದು ಆಮೇಲೆ, ದುರ್ಯೋಧನ ಅಪ್ಪನ ಮುಂದೆ ಗೋಳು ಹೇಳಿಕೊಳ್ಳುವಾಗ. ಅಲ್ಲಿಯೂ ಅವನು ಕೃಷ್ಣ, ಅರ್ಜುನರ ನಗುವನ್ನು ಮೊದಲು ಹೇಳಿ, ಹೆಂಗಸರೊಡನೆ ದ್ರೌಪದಿಯೂ ನಕ್ಕಳು ಎನ್ನುತ್ತಾನೆ. ಅಷ್ಟು ಜನರ ನಗುವಿನಲ್ಲಿ ಜನರ ನೆನಪಿನಲ್ಲಿ ಉಳಿದದ್ದು ಅವಳೊಬ್ಬಳದು. ಸ್ಯಾನ್ ಡಿಯಾಗೊದ ಪ್ರಯೋಗದಲ್ಲಿ ಒಳ್ಳೆಯ ನಗೆಮಾತು ತಪ್ಪಾಗಿ ಗಂಡಿನ ಖಾತೆಗೆ ಹೋಯಿತು. ಇಲ್ಲಿ ಕೇಡು ತಂದ ನಗು ತಪ್ಪಾಗಿ ಹೆಣ್ಣಿನ ಖಾತೆಗೆ ಬಂತು. ವೀರನಾರಾಯಣನ ಗುಡಿಯ ಕಂಬಕ್ಕೆ ಒರಗಿ ಕುಮಾರವ್ಯಾಸ ಭಾರತ ಬರೆದ ಎಂದು ಹೆಮ್ಮೆಪಡುವ ಗದುಗಿನವರಾದ ನಾವು ಈ ಲೆಕ್ಕವನ್ನು ಒಮ್ಮೆ ತಿರುಗಿ ನೋಡಬೇಕು.

ಹಾಗಾದರೆ ಈ ಸೀಮೆಯ ಹೆಂಗಸರು ನಗಿಸುತ್ತಿರಲಿಲ್ಲವೇ? ನನ್ನ ಚಿಗವ್ವನ ಮಾತು ಇಲ್ಲಿ ಹೇಳಬೇಕು. ಗದಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅವಳು ಐವತ್ತು ವರ್ಷದಿಂದ ಮದುವೆ ಮನೆಗಳಲ್ಲಿ ಬೀಗರ ಹಾಡು ಹೇಳುತ್ತಾಳೆ. ಗಂಡಿನ ಕಡೆಯವರು ಬಂದು ಕೂತು ಹೋಳಿಗೆಗೆ ಕೈ ಹಾಕುವ ಹೊತ್ತಿಗೆ ಅವಳ ದನಿ ಎದ್ದಿತೆಂದರೆ ಬೀಗರ ಹೊಟ್ಟೆ, ಬೀಗತಿಯ ಬಾಯಿ, ಮದುಮಗನ ಮೂಗು, ಕೊಟ್ಟ ಮಾತು ತಪ್ಪಿದ ಬಂಗಾರದ ತೂಕ ಯಾವುದೂ ಉಳಿಯುವುದಿಲ್ಲ. ಆ ಮನೆಯ ವಿಷಯ ಯಾರಿಂದಲೋ ತಿಳಿದುಕೊಂಡು, ನಿಂತ ನಿಲುವಿನಲ್ಲೇ ಹಾಡಿನೊಳಗೆ ಸೇರಿಸುತ್ತಾಳೆ. ಇವತ್ತಿನ ಸ್ಟ್ಯಾಂಡ್‌ಅಪ್‌ನವರು ಮುಂದಿನ ಸಾಲಿನವರನ್ನು ಮಾತಿಗೆಳೆದು ಆಡುವ ಆಟವಿದೆಯಲ್ಲ, ಅದರಲ್ಲಿ ಅವಳನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಇನ್ನೂರು ಜನ ನಗುತ್ತಾರೆ. ಬೈಸಿಕೊಂಡ ಬೀಗರೂ ನಗಲೇಬೇಕು, ಸಿಟ್ಟಾದರೆ ಮರ್ಯಾದೆ ಅವರದೇ ಹೋಗುತ್ತದೆ.

ಒಡಪು ಇನ್ನೊಂದು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಎಂಬ ಕಟ್ಟಳೆಯಿರುವ ಕಡೆ, ಹೊಸ ಮದುಮಗಳು ಪ್ರಾಸ ಕಟ್ಟಿ ಅವನ ಹೆಸರು ಹೇಳಲೇಬೇಕು ಎಂದು ಎಲ್ಲರೂ ಸುತ್ತುಗಟ್ಟಿ ಕೂರುತ್ತಾರೆ. ‘ಜ್ವಾಳದ ರೊಟ್ಟಿ ಬಡೀತೇನಿ ತೆಳ್ಳಗ, ಸುಟ್ಟರೂ ತಿನ್ನಬೇಕ ರಾಯರು ಮೆಲ್ಲಗ’ ಎಂಬಂಥ ಎರಡೇ ಸಾಲು. ಮೊದಲ ಸಾಲು ನೆಲ ಹಾಕುತ್ತದೆ, ಎರಡನೆಯದು ಕಾಲೆಳೆಯುತ್ತದೆ. ಇಂಗ್ಲಿಷಿನಲ್ಲಿ ಸೆಟಪ್, ಪಂಚ್ ಎಂದು ಕಾರ್ಯಾಗಾರಗಳಲ್ಲಿ ಕಲಿಸುವ ವಿದ್ಯೆಯನ್ನು ನಮ್ಮ ಹೆಣ್ಣುಮಕ್ಕಳು ಮದುವೆಯಾದ ಮೊದಲ ವಾರದಲ್ಲೇ, ಅತ್ತೆಯ ಎದುರಿಗೇ, ಪರೀಕ್ಷೆಯಂತೆ ಪಾಸು ಮಾಡುತ್ತಿದ್ದರು.

ಭಾದ್ರಪದದಲ್ಲಿ ಗಣಪತಿ ಹೋದ ಮೇಲೆ ಜೋಕುಮಾರ ಬರುತ್ತಾನೆ. ಬುಟ್ಟಿಯಲ್ಲಿ ಬೇವಿನ ತೊಪ್ಪಲಿನ ನಡುವೆ ಅವನನ್ನು ಕೂರಿಸಿಕೊಂಡು ಮನೆಮನೆಗೆ ಹೊತ್ತು ತರುವವರು ಹೆಂಗಸರು. ಅವನ ಹೆಣ್ಣುಮರುಳನ್ನು ಹಾಡುವವರೂ ಅವರೇ, ಆ ಹಾಡುಗಳಲ್ಲಿ ಮುಚ್ಚುಮರೆ ಇರುವುದಿಲ್ಲ. ಅದನ್ನು ಅಶ್ಲೀಲ ಎಂದು ಅಂಗಳದಿಂದ ಯಾರೂ ಕಳಿಸುವುದಿಲ್ಲ. ಜೋಳ ನೀಡುತ್ತಾರೆ, ಜೋಕುಮಾರನ ಬಾಯಿಗೆ ಬೆಣ್ಣೆ ಒರೆಸುತ್ತಾರೆ, ಮಳೆ-ಬೆಳೆಗೆಂದು ಕೈ ಮುಗಿಯುತ್ತಾರೆ. ಹರದೇಶಿ-ನಾಗೇಶಿ ಹಾಡಿಕೆಯಲ್ಲಂತೂ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬುದೇ ವಾದದ ವಸ್ತು. ಹರದೇಶಿಯವರು ಶಿವನ, ಗಂಡಿನ ಪಕ್ಷ. ನಾಗೇಶಿಯವರು ಶಕ್ತಿಯ, ಹೆಣ್ಣಿನ ಪಕ್ಷ. ಡಪ್ಪು, ತುಂತುಣಿ ಹಿಡಿದು ಬೆಳತನಕ ಸವಾಲು-ಜವಾಬು. ನಾಗೇಶಿ ಹಾಡುವ ಹೆಣ್ಣುಮಗಳು ಎದುರಾಳಿಯ ಗಂಡಸುತನವನ್ನು ಇಡೀ ಊರಿನ ಮುಂದೆ ಜರಿದರೆ, ಊರು ಅವಳಿಗೆ ನೋಟು ಕೊಟ್ಟು ಶಭಾಷ್ ಎನ್ನುತ್ತದೆ.

ಕೊರವಂಜಿಯ ವಿಷಯ ನನಗೆ ವಿಶೇಷವಾಗಿ ಕಾಣುತ್ತದೆ. ಶ್ರೀಕೃಷ್ಣ ಪಾರಿಜಾತ ಎಂಬ ನಮ್ಮ ಸೀಮೆಯ ಬಯಲಾಟದಲ್ಲಿ ಕೃಷ್ಣ ಕಣಿ ಹೇಳುವ ಕೊರವಂಜಿಯ ವೇಷ ಹಾಕಿಕೊಂಡು ಬರುತ್ತಾನೆ. ಸತ್ಯವನ್ನು ಚುಚ್ಚಿ, ನಗಿಸಿ ಹೇಳಬೇಕಾದಾಗ ದೇವರಿಗೂ ಹೆಣ್ಣಿನ ಉಡುಗೆ ಬೇಕಾಯಿತು. ಪಾರಿಜಾತದ ದೂತಿಯೂ ಹೆಣ್ಣೇ, ಭಾಗವತನಿಗೆ ಮಾತಿಗೆ ಮಾತು ಕೊಟ್ಟು ನಗಿಸುವ ಪಾತ್ರ ಅದು. ಆ ಆಟದಲ್ಲಿ ಕೌಜಲಗಿ ನಿಂಗಮ್ಮನವರು ತಂಡ ಕಟ್ಟಿ ಹೆಸರು ಮಾಡಿದರು. 1942ರಲ್ಲಿ ರಾಶಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ ಕನ್ನಡಕ್ಕೆ ಒಂದು ಹಾಸ್ಯ ಪತ್ರಿಕೆ ತಂದಾಗ ಇಟ್ಟ ಹೆಸರು ಕೂಡ ‘ಕೊರವಂಜಿ’. ಅದೇ ಪತ್ರಿಕೆಯಲ್ಲಿ ಬರೆದು ಬೆಳೆದವರು ಟಿ. ಸುನಂದಮ್ಮ. ಮನೆ, ಗಂಡ, ನೆಂಟರು, ಬಾಡಿಗೆ ಮನೆ ಇವನ್ನೇ ಇಟ್ಟುಕೊಂಡು ಅವರು ಬರೆದದ್ದನ್ನು ಮುಂದೆ ಕೆಲವರು ‘ಅಡುಗೆಮನೆ ಸಾಹಿತ್ಯ’ ಎಂದು ಬದಿಗಿಟ್ಟರು. ಗಂಡಸರು ಕಚೇರಿಯ ಬಗ್ಗೆ ಬರೆದ ಹಾಸ್ಯವನ್ನು ಯಾರೂ ‘ಕಚೇರಿ ಸಾಹಿತ್ಯ’ ಎನ್ನಲಿಲ್ಲ.

ಇಷ್ಟೆಲ್ಲ ಇದ್ದ ಮೇಲೆ, ಅದೇ ಸೀಮೆಯಲ್ಲಿ ಸ್ಟ್ಯಾಂಡ್‌ಅಪ್ ಮಾಡುವ ಹುಡುಗಿಯ ಕಂಡರೆ ಇರುಸುಮುರುಸು ಯಾಕೆ? ನಾನು ಕಂಡುಕೊಂಡ ಕಾರಣ ಇದು. ಬೀಗರ ಹಾಡಿನಲ್ಲಿ, ಜೋಕುಮಾರನಲ್ಲಿ, ಒಡಪಿನಲ್ಲಿ ಹೆಣ್ಣಿನ ಹಾಸ್ಯಕ್ಕೆ ಮೂರು ಹೊದಿಕೆ ಇವೆ. ಒಂದು, ಅವಳು ಗುಂಪಿನಲ್ಲಿರುತ್ತಾಳೆ. ಇನ್ನೊಂದು, ಆ ದಿನಕ್ಕೆ ಆ ಮಾತಿಗೆ ಸಂಪ್ರದಾಯದ ಪರವಾನಗಿ ಇರುತ್ತದೆ; ಮರುದಿನ ಅದೇ ಮಾತನ್ನು ಬಾವಿಕಟ್ಟೆಯಲ್ಲಿ ಆಡಿದರೆ ಜಗಳ. ಮೂರನೆಯದು, ಮಾತು ಹಾಡಾಗಿ, ಪ್ರಾಸವಾಗಿ ಬರುತ್ತದೆ, ಅದು ಹಿಂದಿನಿಂದ ಬಂದದ್ದು ಎಂಬ ಮರೆ ಇರುತ್ತದೆ. ಚಿಗವ್ವ ಅದೇ ಕ್ಷಣದಲ್ಲಿ ಕಟ್ಟಿದ ಸಾಲನ್ನೂ ಜನ ‘ಹಳೇ ಹಾಡು’ ಎಂದೇ ತಿಳಿಯುತ್ತಾರೆ. ಸ್ಟ್ಯಾಂಡ್‌ಅಪ್ ಈ ಮೂರನ್ನೂ ಕಿತ್ತು ಹಾಕುತ್ತದೆ. ಅಲ್ಲಿ ಒಬ್ಬಳೇ ನಿಲ್ಲಬೇಕು. ಹಬ್ಬವಿಲ್ಲ, ಮದುವೆಯಿಲ್ಲ, ಬರೀ ಟಿಕೆಟ್ ಕೊಂಡು ಬಂದ ಗಂಡಸರು, ಹೆಂಗಸರು. ವಾಕ್ಯದ ಮೊದಲ ಶಬ್ದ ‘ನಾನು’. ನಾನು ಹೀಗೆ ನೋಡಿದೆ, ನನಗೆ ಹೀಗನ್ನಿಸಿತು, ನೀವು ಅದಕ್ಕೆ ನಗಿ. ಹೆಣ್ಣುಮಗಳ ಬಾಯಲ್ಲಿ ನಮ್ಮ ಊರುಗಳು ಇನ್ನೂ ರೂಢಿ ಮಾಡಿಕೊಳ್ಳದಿರುವುದು ಹಾಸ್ಯವನ್ನಲ್ಲ, ಆ ‘ನಾನು’ ಎಂಬುದನ್ನು.

ವೇದಿಕೆಯ ಮೇಲೆ ಹೆಣ್ಣು ಎಂದರೆ ಹಳೆಯ ಕಳಂಕವೊಂದು ಅಂಟಿಯೇ ಇದೆ. ಲಕ್ಷ್ಮೇಶ್ವರದ ಬಚ್ಚಾಸಾನಿಯವರು ಹೆಂಗಸರದೇ ನಾಟಕ ಮಂಡಳಿ ನಡೆಸಿದರು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರು, ಹಾಡುವ ಗಂಡಸು ಮುಸ್ಲಿಮನಾದರೆ ಉಸ್ತಾದ್, ಹಿಂದೂವಾದರೆ ಪಂಡಿತ, ಹೆಂಗಸು ಮಾತ್ರ ಎಷ್ಟು ದೊಡ್ಡವಳಾದರೂ ಬಾಯಿಯೇ ಎಂದು ನೊಂದು ಹೇಳಿದ್ದರು. ಹಾಡುವವಳಿಗೇ ಇಷ್ಟು ತಡವಾಗಿ ಗೌರವ ಬಂದಿರುವಾಗ, ನಗಿಸುವವಳ ಸರದಿ ಇನ್ನೂ ಹಿಂದಿದೆ. ಉಮಾಶ್ರೀಯವರನ್ನೇ ನೆನೆಯಿರಿ. ರಂಗಭೂಮಿಯವರಿಗೆ ಅವರ ಶಕ್ತಿ ಮೊದಲೇ ಗೊತ್ತಿತ್ತು. ಆದರೆ ಎನ್.ಎಸ್. ರಾವ್ ಜೊತೆ ಸಿನಿಮಾಗಳಲ್ಲಿ ನಗಿಸುತ್ತಿದ್ದಾಗ ಜನ ಅವರನ್ನು ಹಗುರವಾಗಿಯೇ ಮಾತಾಡಿದರು. ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ಬಂದ ಮೇಲೆ ಅದೇ ಜನ ‘ಎಂಥ ನಟಿ’ ಎಂದರು. ನಗಿಸಲು ಬೇಕಾದ ಕಾಲಜ್ಞಾನ ಅಳಿಸುವುದಕ್ಕೆ ಬೇಕಾದ್ದಕ್ಕಿಂತ ಕಡಿಮೆಯದಲ್ಲ ಎಂಬುದು ನಟರಿಗೆಲ್ಲ ಗೊತ್ತು.

ಈಗ ನಮ್ಮ ಹಾಸ್ಯ ಸಂಜೆಗಳು. ಗಣಪತಿ ಪೆಂಡಾಲು, ಜಾತ್ರೆ, ಸಂಘದ ವಾರ್ಷಿಕೋತ್ಸವ, ಎಲ್ಲೆಡೆ ನಗೆಹಬ್ಬಗಳಾಗುತ್ತವೆ, ನಾನೂ ಅವನ್ನು ಪ್ರೀತಿಯಿಂದ ಕೇಳಿ ಬೆಳೆದವಳು. ಸುಧಾ ಬರಗೂರು, ಇಂದುಮತಿ ಸಾಲಿಮಠ ಅವರಂಥ ಹೆಣ್ಣುಮಕ್ಕಳು ಆ ವೇದಿಕೆಗಳಲ್ಲಿ, ಟಿವಿಯ ‘ಹರಟೆ’ಯಲ್ಲಿ ತಮ್ಮ ಜಾಗ ತಾವೇ ಗಳಿಸಿಕೊಂಡರು. ಆದರೂ 4 ಜನ ಹಾಸ್ಯಗಾರರ ಬ್ಯಾನರಿನಲ್ಲಿ ಹೆಣ್ಣಿನ ಫೋಟೊ ಒಂದೇ ಇರುತ್ತದೆ, ಎಷ್ಟೋ ಸಲ ಅದೂ ಇರುವುದಿಲ್ಲ. ಇಡೀ ಸಂಜೆಯ ಬಂಡವಾಳವೋ, ಹೆಂಡತಿ. ಹೆಂಡತಿಯ ಅಡುಗೆ, ಹೆಂಡತಿಯ ಶಾಪಿಂಗು, ಹೆಂಡತಿಯ ಫೋನು. ಆ ಜೋಕುಗಳಲ್ಲಿ ಹೆಂಡತಿ ಯಾವಾಗಲೂ ಗೆಲ್ಲುತ್ತಾಳೆ, ಗಂಡ ಬಾಲ ಮುದುರಿಕೊಂಡ ಪಾಪದವನು. ಸಭೆಯಲ್ಲಿ ಕೂತ ಹೆಂಗಸರು ಬಿದ್ದುಬಿದ್ದು ನಗುವುದಕ್ಕೆ ನನಗೆ ತೋಚುವ ಕಾರಣ ಅದೇ: ಹೊಲದ ಉತಾರದಲ್ಲಿ, ಮನೆಯ ಖಾತೆಯಲ್ಲಿ ಇಲ್ಲದ ಅಧಿಕಾರ ಆ ಐದು ನಿಮಿಷ ಜೋಕಿನಲ್ಲಿ ಸಿಗುತ್ತದೆ. ಆದರೆ ಗೆಲ್ಲುವ ಆ ಹೆಂಡತಿ ಸ್ವತಃ ಬಾಯಿ ಬಿಡುವುದಿಲ್ಲ. ಅವಳ ಮಾತನ್ನೂ ಗಂಡನೇ, ದನಿ ಸಣ್ಣ ಮಾಡಿಕೊಂಡು, ಆಡಿ ತೋರಿಸುತ್ತಾನೆ. ಟಿವಿಯ ಕಾಮಿಡಿ ಷೋಗಳಲ್ಲಿ ಅವನೇ ಸೀರೆಯುಟ್ಟು ಬರುತ್ತಾನೆ.

ಅದೇ ವೇದಿಕೆಗೆ ಹೆಣ್ಣುಮಗಳು ಬಂದು ಗಂಡನ ಜೋಕು ಹೇಳಿದರೆ ಕೇಳುವ ಕಿವಿಯೇ ಬದಲಾಗುತ್ತದೆ. “ಪಾಪ, ಅವರ ಯಜಮಾನ್ರು ಹೆಂಗ ತಡಕೋತಾರೋ” ಎಂದು ಪಕ್ಕದ ಕುರ್ಚಿಯವರು ಪಿಸುಗುಡುವುದನ್ನು ನಾನು ಕೇಳಿದ್ದೇನೆ. ಗಂಡಸು ಹೇಳಿದ ಹೆಂಡತಿ ಜೋಕನ್ನು ನಾವು ಕಲ್ಪನೆ ಎಂದು ತೆಗೆದುಕೊಳ್ಳುತ್ತೇವೆ. ಹೆಂಗಸು ಹೇಳಿದ ಗಂಡನ ಜೋಕನ್ನು ಸಾಕ್ಷಿ ಎಂದು, ಮನೆಯ ಜಗಳದ ವರದಿ ಎಂದು ತೆಗೆದುಕೊಳ್ಳುತ್ತೇವೆ. ಕಥೆ ಕಟ್ಟುವ ಸ್ವಾತಂತ್ರ್ಯ ಒಬ್ಬನಿಗಿದೆ, ಒಬ್ಬಳಿಗಿಲ್ಲ. ಅರಿಜೋನಾ ವಿಶ್ವವಿದ್ಯಾಲಯದ ಜೊನಾಥನ್ ಎವಾನ್ಸ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದನ್ನೇ ತೋರಿಸುತ್ತದೆ. ಅಂಗಡಿಯ ಮ್ಯಾನೇಜರೊಬ್ಬರು ಸಿಬ್ಬಂದಿಯ ಮುಂದೆ ವರದಿ ಒಪ್ಪಿಸುವ ದೃಶ್ಯವನ್ನು ಒಬ್ಬ ನಟ, ಒಬ್ಬ ನಟಿಯಿಂದ ಅಕ್ಷರ ಬದಲಿಸದೆ ಮಾಡಿಸಿ ಚಿತ್ರೀಕರಿಸಿದರು. ಇಬ್ಬರಿಂದಲೂ ಎರಡೆರಡು ಬಗೆ ಮಾಡಿಸಿದರು: ಒಂದರಲ್ಲಿ ನಗೆಮಾತು ಇದ್ದವು, ಇನ್ನೊಂದರಲ್ಲಿ ಇರಲಿಲ್ಲ. ನಗೆಮಾತು ಸೇರಿದಾಗ ಗಂಡಸಿನ ಘನತೆ ನೋಡುವವರ ಕಣ್ಣಲ್ಲಿ ಏರಿತು. ಅವೇ ನಗೆಮಾತು ಸೇರಿದಾಗ ಹೆಂಗಸಿನದು ಇಳಿಯಿತು. ಅವನದು ಕೆಲಸಕ್ಕೆ ಅನುಕೂಲ, ಅವಳದು ಕೆಲಸಕ್ಕೆ ಅಡ್ಡಿ ಎಂದು ಕಂಡಿತು.

ನಗುವ ಬಾಬತ್ತಿನಲ್ಲೂ ಹೀಗೊಂದು ಕೆಲಸ ಹಂಚಿಕೆಯಿದೆ. ಅಮೆರಿಕದ ಮೇರಿಲ್ಯಾಂಡಿನ ಸಂಶೋಧಕ ರಾಬರ್ಟ್ ಪ್ರೊವೈನ್, ಜನ ಮಾತಿನ ನಡುವೆ ಸಹಜವಾಗಿ ನಕ್ಕ 1,200 ಸಂದರ್ಭಗಳನ್ನು ಬರೆದಿಟ್ಟುಕೊಂಡು ನೋಡಿದರು. ಗಂಡಸಿನೊಡನೆ ಮಾತಾಡುತ್ತಿರುವ ಹೆಣ್ಣು, ಕೇಳುತ್ತಿರುವ ಅವನಿಗಿಂತ ಎರಡು ಪಟ್ಟಿಗೂ ಹೆಚ್ಚು ನಗುತ್ತಾಳೆ. ಮಾತಾಡುವವನು ಗಂಡಸಾದರೆ ಕೇಳುವ ಹೆಣ್ಣೂ ಅವನಿಗಿಂತ ತುಸು ಹೆಚ್ಚೇ ನಗುತ್ತಾಳೆ. ಅಂದರೆ ಎರಡೂ ಕಡೆ ನಗುವ ಹೊರೆ ಅವಳದೇ. ಹಾಸ್ಯಪ್ರಜ್ಞೆಯುಳ್ಳ ಸಂಗಾತಿ ಬೇಕು ಎಂದು ಇಬ್ಬರೂ ಹೇಳುತ್ತಾರೆ. ಕೆನಡಾದಲ್ಲಿ 2006ರಲ್ಲಿ ಎರಿಕ್ ಬ್ರೆಸ್ಲರ್ ಮತ್ತು ಸಂಗಡಿಗರು ಕೆದಕಿ ಕೇಳಿದಾಗ, ಹೆಂಗಸರು ತಮ್ಮನ್ನು ನಗಿಸುವವನನ್ನೂ, ಗಂಡಸರು ತಮ್ಮ ಮಾತಿಗೆ ನಗುವವಳನ್ನೂ ಬಯಸುತ್ತಿದ್ದರೆಂದು ತಿಳಿಯಿತು. ನಮ್ಮ ಪಡಸಾಲೆಗಳಲ್ಲಿ ಕನ್ಯೆ ನೋಡಲು ಬಂದವರು ‘ಹುಡುಗಿ ನಗುಮುಖದಾಕಿ’ ಎಂದು ಮೆಚ್ಚುತ್ತಾರಲ್ಲ, ‘ಮಂದೀನ ನಗಸ್ತಾಳ’ ಎಂದು ಮೆಚ್ಚಿದವರುಂಟೇ?

ಇಷ್ಟು ಮನಸ್ಸಿನ ಮಾತಾಯಿತು. ಹೊಟ್ಟೆ-ಬಟ್ಟೆಯ, ಗಡಿಯಾರದ ಕಾರಣಗಳು ಇನ್ನೂ ಗಟ್ಟಿ, ಅವನ್ನು ಯಾರೂ ಹೇಳುವುದಿಲ್ಲ. ಐದು ನಿಮಿಷದ ಒಂದು ಸೆಟ್ ನಿಲ್ಲಬೇಕಾದರೆ ಅದನ್ನು ಅಪರಿಚಿತರ ಮುಂದೆ ಮತ್ತೆ ಮತ್ತೆ ಹೇಳಬೇಕು. ಯಾವ ಶಬ್ದಕ್ಕೆ ನಕ್ಕರು, ಎಲ್ಲಿ ಸುಮ್ಮನಾದರು ಎಂದು ನೋಡಿ ತಿದ್ದಬೇಕು, ಬಿದ್ದ ರಾತ್ರಿಗಳನ್ನು ಸಹಿಸಬೇಕು. ಅದಕ್ಕೆಂದೇ ಇರುವುದು ಓಪನ್ ಮೈಕ್, ಹೊಸಬರೂ ಹೆಸರು ಕೊಟ್ಟು ಕೆಲವು ನಿಮಿಷ ಮಾತಾಡಬಹುದಾದ ವೇದಿಕೆ. ಬೆಂಗಳೂರಿನಲ್ಲಿ ಅದು ವಾರವಿಡೀ ಎಲ್ಲಾದರೂ ಸಿಗುತ್ತದೆ. ಸುಮುಖಿ ಸುರೇಶ್ ಬೆಳೆದದ್ದು ಆ ಊರಿನ ವೇದಿಕೆಗಳಲ್ಲಿ. ಸೋನು ವೇಣುಗೋಪಾಲ್ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಮಾಡುತ್ತಾರೆ. ಕರಾವಳಿಯಿಂದ ಹೋದ ಶ್ರದ್ಧಾ ಜೈನ್ ರೇಡಿಯೊದಿಂದ ಮೊಬೈಲಿಗೆ, ಅಲ್ಲಿಂದ ಹೊರದೇಶದ ರಂಗಮಂದಿರಗಳಿಗೆ ಹೋದರು. ಹುಬ್ಬಳ್ಳಿ-ಧಾರವಾಡದ ಕೆಫೆಗಳಲ್ಲಿ ಓಪನ್ ಮೈಕ್ ಆಗೊಮ್ಮೆ ಈಗೊಮ್ಮೆ. ಗದಗ, ಹಾವೇರಿಗಳಲ್ಲಿ ಹುಡುಕಬೇಕು. ಬೆಂಗಳೂರು ಧಾರವಾಡದಿಂದ 400 ಕಿ.ಮೀ.ಗೂ ಹೆಚ್ಚು ದೂರ.

ಇರುವ ಓಪನ್ ಮೈಕ್ ಕೂಡ ಸಂಜೆಯ ಹೊತ್ತಿನದು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾಳೆ. ಗಂಡಸು 88 ನಿಮಿಷ. ವ್ಯತ್ಯಾಸ 201 ನಿಮಿಷ, ಮೂರು ಗಂಟೆ ಇಪ್ಪತ್ತೊಂದು ನಿಮಿಷ. ಒಂದು ಓಪನ್ ಮೈಕಿಗೆ ಹೋಗಿ, ಸರದಿ ಕಾದು, ಮಾತಾಡಿ, ಬೇರೆಯವರದು ಕೇಳಿ, ಮನೆಗೆ ಬರಲು ಹಿಡಿಯುವಷ್ಟೇ ಹೊತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸಿನ ದುಡ್ಡಿನ ಚಿಂತೆ ತಪ್ಪಿತು, ಅದು ಸಣ್ಣ ಸಂಗತಿಯಲ್ಲ. ಆದರೆ ಹುಬ್ಬಳ್ಳಿಯಲ್ಲಿ ರಾತ್ರಿ ಒಂಬತ್ತೂವರೆಗೆ ಷೋ ಮುಗಿಸಿದ ಅಣ್ಣಿಗೇರಿಯ ಹುಡುಗಿಗೆ ಬೇಕಾದ್ದು ಟಿಕೆಟ್ ಅಲ್ಲ, ಆ ಹೊತ್ತಿಗೊಂದು ಬಸ್ಸು, ಬಸ್ಸಿಳಿದ ಮೇಲೆ ಬೆಳಕಿರುವ ರಸ್ತೆ, ಬಾಗಿಲು ತೆಗೆದು ‘ಊಟ ಆತೇನು’ ಎಂದಷ್ಟೇ ಕೇಳುವ ಮನೆ. ಪಿಜಿಯವಳಾದರೆ ಗೇಟು ಅಷ್ಟರಲ್ಲಿ ಮುಚ್ಚಿರುತ್ತದೆ. ಗಂಡುಹುಡುಗ ಐವತ್ತು ಸಲ ಬಿದ್ದು ಎದ್ದು ಹದವಾಗುವ ಹೊತ್ತಿಗೆ ಅವಳು ಐದು ಸಲ ಮೈಕು ಹಿಡಿದಿರುತ್ತಾಳೆ. ಆಮೇಲೆ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಯಾರಿಗೆ ಹಾಸ್ಯ ಹೆಚ್ಚು ಎಂದು ಕೇಳುತ್ತೇವೆ.

ಭಾಷೆಯ ತೊಡಕೊಂದಿದೆ, ನಮ್ಮ ಸೀಮೆಯವರಿಗೆ ಮಾತ್ರ ಅರ್ಥವಾಗುವಂಥದು. ಸಿನಿಮಾಗಳಲ್ಲಿ ಧಾರವಾಡದ ಕನ್ನಡವೇ ಒಂದು ಜೋಕು. ‘ಏನ್ರೀಪಾ’ ಎಂದರೆ ಸಾಕು, ದಕ್ಷಿಣದವರು ನಗುತ್ತಾರೆ. ಈ ಹುಡುಗಿ ಬೆಂಗಳೂರಿಗೆ ಹೋದರೆ ಅವಳು ಕಟ್ಟಿದ ಮಾತಿಗೆ ನಕ್ಕರೋ, ಅವಳ ‘ಐತಿ’ಗೆ ನಕ್ಕರೋ ತಿಳಿಯದೆ ಒದ್ದಾಡಬೇಕು. ಮಾತು ಪಳಗಬೇಕಾದರೆ ಅದೇ ಮಾತಾಡುವವರ ಮುಂದೆ ಪಳಗಬೇಕು, ಹಾಗಾಗಿ ಹುಬ್ಬಳ್ಳಿಯಲ್ಲಿ, ಗದಗಿನಲ್ಲಿ, ಹಾವೇರಿಯಲ್ಲಿ ವೇದಿಕೆ ಬೇಕು ಎನ್ನುತ್ತಿದ್ದೇನೆ. ದೊಡ್ಡ ಸಭಾಭವನವೇನೂ ಬೇಡ. ವಾರಕ್ಕೊಮ್ಮೆ ಸಂಜೆ ಐದಕ್ಕೆ ಶುರುವಾಗಿ ಏಳಕ್ಕೆ ಮುಗಿಯುವ ಒಂದು ಗ್ರಂಥಾಲಯದ ಕೋಣೆ, ಒಂದು ಮೈಕು. ಹೊತ್ತು ಬದಲಿಸುವುದು ಖರ್ಚಿಲ್ಲದ ಸುಧಾರಣೆ, ಅದರಿಂದ ಬರುವವರೇ ಬದಲಾಗುತ್ತಾರೆ.

ಭಯವನ್ನು ಹೇಳದೆ ಈ ಲೇಖನ ಪೂರ್ತಿಯಾಗದು. 2020ರ ಜುಲೈಯಲ್ಲಿ ಮುಂಬೈಯ ಹಾಸ್ಯಗಾರ್ತಿ ಅಗ್ರಿಮಾ ಜೋಶುವಾ ಅವರ ಹಿಂದಿನ ವರ್ಷದ ಒಂದು ವಿಡಿಯೊ ಹರಿದಾಡಿತು. ಅರಬ್ಬಿ ಸಮುದ್ರದಲ್ಲಿ ಆಗಬೇಕಿದ್ದ ಶಿವಾಜಿ ಸ್ಮಾರಕದ ಬಗ್ಗೆ ಜನ ಅಂತರ್ಜಾಲದಲ್ಲಿ ಆಡುವ ಮಾತುಗಳನ್ನು ಅವರು ಅದರಲ್ಲಿ ಹಾಸ್ಯ ಮಾಡಿದ್ದರು. ಅವರು ಕ್ಷಮೆ ಕೇಳಿದ ಮೇಲೂ ಅತ್ಯಾಚಾರದ ಬೆದರಿಕೆಯ ವಿಡಿಯೊ ಬಂತು, ಅದನ್ನು ಮಾಡಿದವನನ್ನು ವಡೋದರದಲ್ಲಿ ಬಂಧಿಸಿದರು. ಗಂಡಸು ಹಾಸ್ಯಗಾರರಿಗೂ ಕೇಸು, ಬೆದರಿಕೆ, ಜೈಲು ಬಂದಿವೆ. ಆದರೆ ಅವರ ಮಾತಿಗೆ ಸಿಟ್ಟು ಬಂದಾಗ ಮಾತಿನ ಮೇಲೆ ಬೀಳುತ್ತಾರೆ, ಇವರ ಮಾತಿಗೆ ಸಿಟ್ಟು ಬಂದಾಗ ಮೈಮೇಲೆ ಬೀಳುವ ಮಾತಾಡುತ್ತಾರೆ. ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಮಿನಲ್ಲಿ 3 ವರ್ಷದವರೆಗೆ ಸಜೆ ಇದೆ. ಸಣ್ಣ ಊರಿನ ಹುಡುಗಿಗೆ ಠಾಣೆಯ ಮೆಟ್ಟಿಲಿಗಿಂತ ಮೊದಲು ಎದುರಾಗುವುದು ಊರಿನ ವಾಟ್ಸಾಪ್ ಗುಂಪು. ಹಾಲಿನಲ್ಲಿ ನಕ್ಕವರೇ ಮಾಡಿದ 30 ಸೆಕೆಂಡಿನ ತುಣುಕು ಅವಳಿಗಿಂತ ಮೊದಲೇ ಮನೆ ಮುಟ್ಟುತ್ತದೆ, ಮುಂದಿನದು ಹಿಂದಿನದು ಕತ್ತರಿಸಿಕೊಂಡು.

ಆ ರೋಣದ ಹುಡುಗಿಯ ವಿಡಿಯೊ ಕೂಡ ಹಾಗೆಯೇ ಊರು ಮುಟ್ಟಿತು. ಅವಳ ಅಪ್ಪ ಎರಡು ದಿನ ಮಾತಾಡಲಿಲ್ಲವಂತೆ. ಸ್ವಾದರಮಾವ ಫೋನು ಮಾಡಿ ‘ನನ್ನನ್ನ ಎಲ್ಲಾರ ಮುಂದ ತಂದಿ’ ಎಂದರಂತೆ. ಅಕ್ಕ ಮಾತ್ರ ಪಿಜಿಯ ಗೆಳತಿಯರಿಗೆಲ್ಲ ಅದನ್ನು ಕಳಿಸಿದ್ದಳು. ‘ಮತ್ತ ಮಾಡ್ತೀಯೇನು’ ಎಂದು ನಾನು ಕೇಳಿದ್ದಕ್ಕೆ, “ಎಲ್ಲಿ ಮಾಡ್ಲಿ ಮೇಡಮ್, ಗ್ಯಾದರಿಂಗ್ ವರ್ಷಕ್ಕ ಒಂದ ಸಲ” ಎಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಕಳೆದ ಅಮಾವಾಸ್ಯೆಗೆ ಊರಿಗೆ ಹೋದಾಗ ಚಿಗವ್ವನಿಗೆ ಆ ವಿಡಿಯೊ ತೋರಿಸಿದೆ. ಕನ್ನಡಕ ಏರಿಸಿ, ಫೋನನ್ನು ಕಿವಿಗೂ ಕಣ್ಣಿಗೂ ಹತ್ತಿರ ಹಿಡಿದು ಪೂರ್ತಿ ನೋಡಿದಳು. ನೋಟಿಫಿಕೇಶನ್ ಎಂದರೇನು ಎಂದು ಕೇಳಿ ತಿಳಿದುಕೊಂಡು, ಇನ್ನೊಮ್ಮೆ ನೋಡಿದಳು. ಎರಡನೇ ಸಲ ಸೆರಗು ಬಾಯಿಗೆ ಅಡ್ಡ ಹಿಡಿಯದೆ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಹುಡುಗಿ ಹುಷಾರ ಅದಾಳ. ಆದ್ರ ಪಡಸಾಲಿ ಅಂದ ಮ್ಯಾಲ ಬಾಯಿ ಮುಚ್ಚಬೇಕಿತ್ತು. ಮಂದಿ ನಗಾಕ ಹತ್ತಿದಾಗ ಈಕಿ ಮುಂದಿನ ಮಾತಿಗೆ ಓಡ್ಯಾಳ. ನಗೂ ಮುಗಿಯೂ ತನಕ ನಿಂದರಬೇಕು, ದನಿ ಅಲ್ಲೇ ಹಿಡೀಬೇಕು. ಆಕೀಗೆ ಹೇಳು.” ನಾನು ಹೇಳುತ್ತೇನೆಂದು ಫೋನು ತೆಗೆದುಕೊಳ್ಳಲು ಕೈ ಚಾಚಿದೆ. ಚಿಗವ್ವ ಕೊಡಲಿಲ್ಲ. “ತಡಿ, ಇನ್ನೊಮ್ಮಿ ಹಚ್ಚು” ಎಂದಳು.